ಹೊಟ್ಟೆಯ ಮೇಲಿನ ಚೀಲ ಬದುಕಿಗೆ ಬೇಲಿಯಲ್ಲ

ಶಸ್ತ್ರಚಿಕಿತ್ಸೆಯಿಂದ ಪ್ರಾಣವುಳಿದರೂ ಬಾಳು ಉಳಿಯಲಿಲ್ಲವೆಂದು ಕೊರಗುವವರು ನಮ್ಮ ನಡುವೆ ಇದ್ದಾರೆ. ಕರುಳಿನ ಕ್ಯಾನ್ಸರ್, ಕರುಳು ತಿರುಚಿಕೊಳ್ಳುವುದು, ಅಪಘಾತದ ಪೆಟ್ಟು ಮೊದಲಾದ ಸಂದರ್ಭಗಳಲ್ಲಿ ವೈದ್ಯರು ಕರುಳಿನ ಒಂದು ಭಾಗವನ್ನು ಹೊಟ್ಟೆಯ ಮೇಲ್ಮೈಗೆ ತಂದು ಹೊಲಿದು, ಮಲ ಹೊರಬರಲು ಹೊಸ ದಾರಿಯೊಂದನ್ನು ಮಾಡುತ್ತಾರೆ. ಈ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಬಾಯಿ ಎಂದರ್ಥ. ದೊಡ್ಡ ಕರುಳಿನಿಂದ ಮಾಡಿದ್ದು ಕೊಲೊಸ್ಟಮಿ. ಸಣ್ಣ ಕರುಳಿನ ಕೊನೆಯ ಭಾಗದಿಂದ ಮಾಡಿದ್ದು ಇಲಿಯೊಸ್ಟಮಿ. ಕೆಲವರಿಗೆ ಇದು ಕೆಲವು ತಿಂಗಳ ಮಾತು, ಕೆಲವರಿಗೆ ಜೀವಮಾನದ ಸಂಗಾತಿ. ತಡೆಹಿಡಿಯುವ ಸ್ನಾಯು ಅಲ್ಲಿಲ್ಲದ ಕಾರಣ ಅದರ ಮೇಲೆ ಚೀಲವೊಂದನ್ನು ಅಂಟಿಸಿಕೊಂಡಿರಬೇಕು.

ಗಾಯ ಮಾಯುತ್ತದೆ, ಮಾಯದೆ ಉಳಿಯುವುದು ನಾಚಿಕೆ. ವಾಸನೆ ಬಂದೀತು, ಚೀಲ ಸೋರೀತು, ಜನ ಮೂಗು ಮುಚ್ಚಿಕೊಂಡಾರು ಎಂಬ ಅಂಜಿಕೆಯಿಂದ ಮದುವೆ, ಹೊಲ, ಭಾನುವಾರದ ಬಲಿಪೂಜೆ ಎಲ್ಲವನ್ನೂ ತೊರೆದು ಮನೆಯ ಮೂಲೆ ಹಿಡಿಯುವವರುಂಟು. ಇಂದಿನ ಚೀಲ ಹುಟ್ಟಿದ್ದೇ ಇಂಥ ಅಂಜಿಕೆಯನ್ನು ಕಂಡು. ಡೆನ್ಮಾರ್ಕ್ ದೇಶದ ದಾದಿ ಎಲಿಸೆ ಸೊರೆನ್ಸನ್ ಅವರ ತಂಗಿ ಥೋರಾ, ಸ್ಟೋಮಾ ಆದ ಬಳಿಕ ಸೋರಿಕೆಯ ಭಯದಿಂದ ಹೊರಗೆ ಹೋಗುವುದನ್ನೇ ಬಿಟ್ಟಿದ್ದರು. ತಂಗಿಯ ದುಃಖವನ್ನು ನೋಡಲಾರದೆ ಎಲಿಸೆ 1954ರಲ್ಲಿ ಚರ್ಮಕ್ಕೆ ಅಂಟಿಕೊಳ್ಳುವ, ಬಳಸಿ ಎಸೆಯಬಹುದಾದ ಚೀಲವನ್ನು ಕಲ್ಪಿಸಿದರು. ಒಬ್ಬ ಅಕ್ಕನ ಮಮತೆ ಲೋಕದ ಅಸಂಖ್ಯ ರೋಗಿಗಳಿಗೆ ಬಾಗಿಲು ತೆರೆಯಿತು.

ಕಥೋಲಿಕರಾದ ನಾವು ನೆನೆಯಬೇಕಾದ ಇನ್ನೊಂದು ನಿದರ್ಶನವಿದೆ. 1981ರ ಮೇ 13ರಂದು ಸಂತ ಪೇತ್ರರ ಚೌಕದಲ್ಲಿ ಗುಂಡೇಟಿಗೆ ಗುರಿಯಾದ ಪೋಪ್ ದ್ವಿತೀಯ ಜಾನ್ ಪಾಲ್ ಅವರ ಕರುಳಿಗೆ ತೀವ್ರ ಪೆಟ್ಟಾಗಿತ್ತು. ರೋಮಿನ ಜೆಮೆಲ್ಲಿ ಆಸ್ಪತ್ರೆಯ ವೈದ್ಯರು ಅವರಿಗೆ ತಾತ್ಕಾಲಿಕ ಕೊಲೊಸ್ಟಮಿ ಮಾಡಿದರು. ಆಗಸ್ಟ್ 5ರಂದು ಎರಡನೆಯ ಶಸ್ತ್ರಚಿಕಿತ್ಸೆಯಿಂದ ಅದನ್ನು ಮುಚ್ಚಲಾಯಿತು. ಸುಮಾರು ಹನ್ನೆರಡು ವಾರ ಸ್ಟೋಮಾ ಹೊತ್ತ ಆ ದೇಹವೇ 1986ರ ಫೆಬ್ರುವರಿಯಲ್ಲಿ ಮಂಗಳೂರಿನ ನೆಲದಲ್ಲಿ ನಮ್ಮವರ ಮುಂದೆ ಬಲಿಪೂಜೆ ಅರ್ಪಿಸಿತು. 2014ರಲ್ಲಿ ಅವರು ಸಂತರೆಂದು ಘೋಷಿತರಾದರು. ಸ್ಟೋಮಾ ಅಶುದ್ಧಿಯ ಗುರುತು ಎನ್ನುವವರಿಗೆ ಬೇರೆ ಉತ್ತರವೇಕೆ?

ನಮ್ಮ ಸೀಮೆಯ ಬದುಕು ಕುಳಿತು ಕಳೆಯುವಂಥದ್ದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನೇ ನೋಡಿ. ಸಂತ ಸೇವಾಲಾಲರ ಈ ಜನ್ಮಸ್ಥಳಕ್ಕೆ ಪ್ರತಿ ಫೆಬ್ರುವರಿಯ ಜಯಂತಿಯಲ್ಲಿ ಬಂಜಾರ ಬಂಧುಗಳು ದೂರದೂರುಗಳಿಂದ ಬಂದು ಸೇರುತ್ತಾರೆ. ಸುತ್ತಲ ಹಳ್ಳಿಗಳಲ್ಲಿ ಮೆಕ್ಕೆಜೋಳದ ಹೊಲ, ಅಡಿಕೆಯ ತೋಟ. ಇಲ್ಲಿ ಬಾಳುವುದೆಂದರೆ ಹೊಲದಲ್ಲಿ ಬಾಗುವುದು, ಬಸ್ಸಿನಲ್ಲಿ ನಿಲ್ಲುವುದು, ಜಾತ್ರೆಯ ಜನರಲ್ಲಿ ಬೆರೆಯುವುದು. ಸ್ಟೋಮಾ ಉಳ್ಳವರೂ ಇವೆಲ್ಲವನ್ನೂ ಮಾಡಬಲ್ಲರು. ಕ್ರಮವೊಂದನ್ನು ಅನುಸರಿಸಬೇಕು, ಅಷ್ಟೆ.

ಆಸ್ಪತ್ರೆಯಿಂದ ಬಂದ ದಿನಗಳಿಂದಲೇ ಸ್ವಲ್ಪಸ್ವಲ್ಪ ನಡೆಯುವುದು ಹಿತ. ಮೊದಲ ಆರರಿಂದ ಎಂಟು ವಾರ ತುಂಬಿದ ಕೊಡವನ್ನಾಗಲಿ ಗೊಬ್ಬರದ ಮೂಟೆಯನ್ನಾಗಲಿ ಎತ್ತಬಾರದು. ಎತ್ತಿದರೆ ಸ್ಟೋಮಾದ ಪಕ್ಕದಲ್ಲಿ ಕರುಳು ಉಬ್ಬಿ ಹರ್ನಿಯಾ ಆಗಬಹುದು. ಆಮೇಲೂ ಭಾರದ ಕೆಲಸಕ್ಕೆ ಮುನ್ನ ವೈದ್ಯರನ್ನು ಕೇಳಿ, ಅವರು ಹೇಳಿದರೆ ಆಧಾರದ ಬೆಲ್ಟ್ ಕಟ್ಟಿಕೊಳ್ಳಬೇಕು. ಪ್ರಯಾಣಕ್ಕೆ ಮೊದಲು ಚೀಲ ಖಾಲಿಮಾಡಿ, ಎರಡು ಹೊಸ ಚೀಲ, ಮೆತ್ತನೆಯ ಬಟ್ಟೆ, ನೀರಿನ ಬಾಟಲಿ ಜೊತೆಗಿಟ್ಟುಕೊಂಡರೆ ಮನಸ್ಸು ನಿಶ್ಚಿಂತ. ಹೊಸ ಚೀಲಗಳನ್ನು ಬಿಸಿಲಿನಲ್ಲಿಡಬಾರದು, ಅಂಟು ಕೆಡುತ್ತದೆ.

ಆರೋಗ್ಯವಂತ ಸ್ಟೋಮಾ ಬಾಯಿಯ ಒಳಭಾಗದಂತೆ ಕೆಂಪಾಗಿ, ತೇವವಾಗಿರುತ್ತದೆ, ಮುಟ್ಟಿದರೆ ನೋಯದು. ಒರೆಸುವಾಗ ತುಸು ರಕ್ತ ಕಂಡರೆ ಗಾಬರಿ ಬೇಡ. ಕಪ್ಪಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುತ್ತಲ ಚರ್ಮವನ್ನು ಬರಿಯ ನೀರಿನಿಂದ ತೊಳೆದು ಒಣಗಿಸಿದರೆ ಸಾಕು. ಕೊಬ್ಬರಿ ಎಣ್ಣೆ ಹಚ್ಚಿದರೆ ಅಂಟು ನಿಲ್ಲುವುದಿಲ್ಲ. ಚೀಲದ ರಂಧ್ರ ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮೊದಲ ವಾರಗಳಲ್ಲಿ ಸ್ಟೋಮಾ ಕುಗ್ಗುವುದರಿಂದ ಆಗಾಗ ಅಳತೆ ನೋಡಬೇಕು. ಮೂರನೆಯ ಒಂದು ಭಾಗ ತುಂಬಿದೊಡನೆ ಖಾಲಿಮಾಡಿದರೆ ಸೋರಿಕೆ ಅಪರೂಪ. ಸರಿಯಾಗಿ ಅಂಟಿದ ಚೀಲದಿಂದ ವಾಸನೆ ಹೊರಬಾರದು.

ಊಟ ಬಿಟ್ಟರೆ ಚೀಲ ತುಂಬದು ಎಂಬ ಲೆಕ್ಕಾಚಾರ ತಪ್ಪು. ಬರಿಹೊಟ್ಟೆಯಲ್ಲಿ ವಾಯು ಹೆಚ್ಚುತ್ತದೆ. ಕೊಲೊಸ್ಟಮಿಯವರು ಕ್ರಮೇಣ ಮನೆಯ ಊಟವನ್ನೇ ಉಣ್ಣಬಹುದು. ಇಲಿಯೊಸ್ಟಮಿಯವರ ದೇಹದಿಂದ ನೀರು, ಉಪ್ಪು ಹೆಚ್ಚು ನಷ್ಟವಾಗುವುದರಿಂದ ಉಪ್ಪು ಬೆರೆತ ಮಜ್ಜಿಗೆ, ಗಂಜಿ, ಓಆರ್‌ಎಸ್ ಬೇಸಿಗೆಯಲ್ಲಿ ಅವಶ್ಯ. ಮೆಕ್ಕೆಜೋಳದ ಕಾಳು, ಕೊಬ್ಬರಿ ಚೂರು, ಶೇಂಗಾ ಇವು ಕರುಳಿನ ದಾರಿಯನ್ನು ಕಟ್ಟಬಲ್ಲವು. ಮೊದಲ ವಾರಗಳಲ್ಲಿ ಅವನ್ನು ಬಿಟ್ಟು, ಮುಂದೆಯೂ ಚೆನ್ನಾಗಿ ಅಗಿದೇ ತಿನ್ನಬೇಕು. ಕೆಲವು ತಾಸು ಏನೂ ಹೊರಬಾರದೆ ಹೊಟ್ಟೆನೋವು, ವಾಂತಿ ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆ ಸೇರಬೇಕು.

ತಪಸ್ಸುಕಾಲದ ಉಪವಾಸದ ಬಗ್ಗೆ ಇಂಥವರ ಮನಸ್ಸಿನಲ್ಲಿ ಅಳುಕಿರುತ್ತದೆ. ದೇಹಕ್ಕೆ ಕೇಡಾಗುವಂತೆ ಉಪವಾಸ ಮಾಡೆಂದು ಧರ್ಮಸಭೆ ರೋಗಿಗಳನ್ನು ಕೇಳುವುದಿಲ್ಲ. ಪರಮಪ್ರಸಾದಕ್ಕೆ ಮುನ್ನ ಪಾಲಿಸುವ ಒಂದು ಗಂಟೆಯ ಉಪವಾಸದಿಂದಲೂ ವೃದ್ಧರಿಗೆ, ಅಸ್ವಸ್ಥರಿಗೆ, ಅವರ ಆರೈಕೆ ಮಾಡುವವರಿಗೆ 1983ರ ಧರ್ಮಸಭಾ ಕಾನೂನು ಸಂಹಿತೆ ವಿನಾಯಿತಿ ನೀಡಿದೆ.

ಇನ್ನುಳಿದದ್ದು ಮನೆಯವರ, ನೆರೆಯವರ ಹೊಣೆ. ಚೀಲ ಬದಲಿಸುವುದನ್ನು ರೋಗಿಯ ಜೊತೆಗೆ ಮನೆಯ ಇನ್ನೊಬ್ಬರೂ ಆಸ್ಪತ್ರೆಯಲ್ಲೇ ಕಲಿತುಬರಲಿ. ಚೀಲದ ಖರ್ಚು ಬಡವರಿಗೆ ಹೊರೆ. ಒಂದೇ ಚೀಲವನ್ನು ಎಳೆದಾಡಿ ಚರ್ಮ ಹುಣ್ಣಾಗುವುದಕ್ಕೆ ಮುನ್ನ ಧರ್ಮಕೇಂದ್ರದ ಸಂಘಗಳು ಸದ್ದಿಲ್ಲದೆ ಕೈಜೋಡಿಸಬಹುದು. ದೇವಾಲಯದ ಶೌಚಾಲಯದಲ್ಲಿ ನೀರು, ಮುಚ್ಚಳದ ಬುಟ್ಟಿ ಮತ್ತು ಗಟ್ಟಿ ಅಗುಳಿ, ಇವಿಷ್ಟಿದ್ದರೆ ಮನೆಯಲ್ಲುಳಿದ ಒಬ್ಬರು ಬಲಿಪೂಜೆಗೆ ಬಂದಾರು. ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತವರು ನಡುವೆ ಎದ್ದುಹೋದರೆ ತಿರುಗಿ ನೋಡದಿರುವುದೂ ಒಂದು ಸೇವೆ. ವೈದ್ಯರು ಪ್ರಾಣವನ್ನು ಉಳಿಸಿಕೊಟ್ಟಿದ್ದಾರೆ. ಆ ಪ್ರಾಣಕ್ಕೆ ನಮ್ಮ ನಡುವೆ ಜಾಗ ಕೊಡುವುದು ನಮ್ಮ ಕೈಯಲ್ಲಿದೆ.