ಗಡಿನಾಡ ಮಾತಿನ ದೃಶ್ಯತುಣುಕುಗಳು: ಧ್ವನಿ ತಿದ್ದಿ ಹೊರತೆಗೆಯುವ ಕ್ರಮ

ಕಾಸರಗೋಡಿನ ಹವ್ಯಕರ ಮನೆಮಾತಿನಲ್ಲಿ ‘ಹೇಳಿ’ ಎಂಬುದು ಹೆಜ್ಜೆಹೆಜ್ಜೆಗೂ ಬರುವ ಶಬ್ದ. ಶಿಷ್ಟಕನ್ನಡದ ‘ಎಂದು’, ಆಡುಮಾತಿನ ‘ಅಂತ’ ಇವುಗಳ ಸ್ಥಾನದಲ್ಲಿ ಅದು ನಿಲ್ಲುತ್ತದೆ. ಅದರ ಆದಿಯ ಹಕಾರ ಬಿದ್ದುಹೋದರೆ ಉಳಿಯುವುದು ‘ಏಳಿ’, ಅಂದರೆ ಎದ್ದೇಳಿ ಎಂಬ ಆಜ್ಞೆ. ಕೆಲವು ವರ್ಷಗಳ ಹಿಂದೆ ಒಂದು ಗೋಷ್ಠಿಯಲ್ಲಿ ನಾನು ತೋರಿಸಿದ ಮೂರು ನಿಮಿಷದ ದೃಶ್ಯತುಣುಕಿನಲ್ಲಿ ತೊಂಬತ್ತೊಂದು ವರ್ಷದ ನನ್ನ ಚಿಕ್ಕಮ್ಮ ಕಥೆ ಹೇಳುತ್ತಾ ಉದ್ದಕ್ಕೂ ‘ಏಳಿ, ಏಳಿ’ ಎನ್ನುತ್ತಿದ್ದರು. ‘ಹಾಲು’ ಎಂಬುದು ‘ಆಲು’ ಆಗಿತ್ತು. ಸಭೆಯಲ್ಲಿದ್ದ ವಿದ್ವಾಂಸರೊಬ್ಬರು ಕೂಡಲೇ ಬರೆದುಕೊಂಡರು: ಈ ಭಾಗದಲ್ಲಿಯೂ ಪದಾದಿ ಹಕಾರಲೋಪ ಉಂಟು, ಹಳೆ ಮೈಸೂರು ಕಡೆಯ ಗ್ರಾಮ್ಯದ ಹಾಗೆ.

ಅವರದು ತಪ್ಪಲ್ಲ, ಕಿವಿಗೆ ಬಿದ್ದದ್ದನ್ನು ಬರೆದರು. ಚಿಕ್ಕಮ್ಮನ ಬಾಯಲ್ಲಿ ಹಕಾರ ಸ್ಪಷ್ಟವಾಗಿಯೇ ಇತ್ತು. ಅದನ್ನು ನುಂಗಿದ್ದು ನಾನು, ಧ್ವನಿಯನ್ನು ‘ಚೊಕ್ಕ’ ಮಾಡಲು ಹೋಗಿ. ಉಪಭಾಷೆಯ ದಾಖಲೆಗಳನ್ನು ಈಗ ಹಲವರು ಮೊಬೈಲಿನಲ್ಲಿ ಹಿಡಿದು, ಕಂಪ್ಯೂಟರಿನಲ್ಲಿ ಕತ್ತರಿಸಿ, ತುಣುಕುಗಳಾಗಿ ಹಂಚುತ್ತಿದ್ದಾರೆ. ಕಾಸರಗೋಡಿನಿಂದ ಸೊಲ್ಲಾಪುರದವರೆಗೆ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ನನ್ನ ಹಾಗೆ ಯಂತ್ರದವರಲ್ಲ, ಮೇಷ್ಟ್ರುಗಳು. ಆದ್ದರಿಂದ ತಿದ್ದಿದ ಧ್ವನಿ ತಿದ್ದಿದಂತೆಯೇ, ಆದರೆ ಭಾಷೆ ಕೆಡದಂತೆ, ಹೊರಬರಬೇಕಾದರೆ ಎಂಥ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ನಾನು ಬಳಸುವುದು ಶಾಟ್‌ಕಟ್ ಎಂಬ ಉಚಿತ ತಂತ್ರಾಂಶ. ಬೇರೆಯವುಗಳಲ್ಲಿ ಹೆಸರುಗಳು ವ್ಯತ್ಯಾಸವಾದರೂ ತತ್ತ್ವ ಒಂದೇ.

ಮೊದಲು ತಿಳಿಯಬೇಕಾದದ್ದು, ಸಂಪಾದನ ತಂತ್ರಾಂಶದಲ್ಲಿ ನಾವು ಏನೇ ಮಾಡಿದರೂ ಮೂಲ ಕಡತ ಬದಲಾಗುವುದಿಲ್ಲ. ಇಲ್ಲಿಂದ ಇಲ್ಲಿಗೆ ಕತ್ತರಿಸು, ಇಷ್ಟು ಧ್ವನಿ ಏರಿಸು ಎಂಬ ವಿಧಿಗಳನ್ನು ಮಾತ್ರ ಅದು ಒಂದು ಯೋಜನಾ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ವ್ಯಾಕರಣ ಓದಿದವರಿಗೆ ಇದು ಹೊಸತಲ್ಲ. ಧಾತು, ಪ್ರತ್ಯಯ, ಆದೇಶ, ಆಗಮ ಎಲ್ಲವೂ ಸೂತ್ರದಲ್ಲಿ ಹೇಳಿದ್ದಾಗಿರುತ್ತದೆ. ಪ್ರಕ್ರಿಯೆ ನಡೆದು ಪದ ಸಿದ್ಧವಾಗುವ ತನಕ ಅದನ್ನು ವಾಕ್ಯದಲ್ಲಿ ಪ್ರಯೋಗಿಸಲು ಬರುವುದಿಲ್ಲ. ಎಕ್ಸ್‌ಪೋರ್ಟ್ ಎಂಬುದೇ ಆ ಪದಸಿದ್ಧಿ. ಯೋಜನಾ ಕಡತವನ್ನೇ ಪೆನ್‌ಡ್ರೈವಿಗೆ ಹಾಕಿ ಗೋಷ್ಠಿಗೆ ತಂದು, ಅಲ್ಲಿ ಏನೂ ತೆರೆಯದೆ ಪೇಚಾಡಿದವರನ್ನು ನಾನೇ ಕಂಡಿದ್ದೇನೆ.

ಎರಡನೆಯದು, ಯಾವುದನ್ನು ಹೊರತೆಗೆಯುತ್ತಿದ್ದೇವೆ ಎಂಬುದು. ಎಕ್ಸ್‌ಪೋರ್ಟ್ ಫಲಕದಲ್ಲಿ ‘ಫ್ರಮ್’ ಎಂಬ ಒಂದು ಪಟ್ಟಿ ಇದೆ. ಅದರಲ್ಲಿ ಸೋರ್ಸ್, ಟೈಮ್‌ಲೈನ್, ಪ್ಲೇಲಿಸ್ಟ್ ಎಂದು ಆಯ್ಕೆಗಳಿವೆ. ಧ್ವನಿಯ ಫಿಲ್ಟರುಗಳನ್ನು ಹಾಕಿದ್ದು ಟೈಮ್‌ಲೈನಿನ ತುಣುಕಿಗೆ, ಪಟ್ಟಿಯಲ್ಲಿ ಇರುವುದು ಸೋರ್ಸ್ ಎಂದಾದರೆ, ಹೊರಬರುವುದು ಏನೂ ತಿದ್ದದ ಮೊದಲಿನ ದೃಶ್ಯವೇ. ನಾನು ಒಂದು ಇಡೀ ಮಧ್ಯಾಹ್ನ ಹೀಗೆ ಐದು ಸಲ ಹೊರತೆಗೆದು, ತಂತ್ರಾಂಶವೇ ಹಾಳು ಎಂದು ಬೈದೆ. ಮೊಮ್ಮಗ ಬಂದು ನೋಡಿದವ, “ಅಜ್ಜ, ಕೆಲಸ ಮಾಡಿದ್ದು ಒಂದು ಕಡೆ, ಕಳಿಸಿದ್ದು ಇನ್ನೊಂದು ಕಡೆ” ಎಂದ. ಫಿಲ್ಟರನ್ನು ಒಂದು ತುಣುಕಿಗೆ ಹಾಕಬಹುದು, ಇಡೀ ಪಟ್ಟಿಗೆ, ಅಂದರೆ ಟ್ರ್ಯಾಕಿಗೆ ಹಾಕಬಹುದು, ಒಟ್ಟು ಔಟ್‌ಪುಟ್ಟಿಗೂ ಹಾಕಬಹುದು. ಅಜ್ಜಿಯ ಧ್ವನಿ ಸಣ್ಣದೆಂದು ಟ್ರ್ಯಾಕಿಗೇ ಏರಿಸಿದರೆ, ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುವ ನಮ್ಮ ಧ್ವನಿ ಬೊಬ್ಬೆಯಾಗುತ್ತದೆ. ತುಣುಕು ತುಣುಕಿಗೆ ಬೇರೆಬೇರೆಯಾಗಿ ಹಾಕುವುದು ಕ್ಷೇಮ.

ಫಿಲ್ಟರುಗಳಿಗೆ ಅನುಕ್ರಮವೂ ಉಂಟು, ಮೇಲಿನಿಂದ ಕೆಳಕ್ಕೆ ಒಂದಾದ ಮೇಲೆ ಒಂದು. ಪೂರ್ವ–ಪರ ವಿಧಿಗಳನ್ನು ಅದಲುಬದಲು ಮಾಡಿದರೆ ರೂಪ ಹೇಗೆ ಕೆಡುತ್ತದೋ ಇಲ್ಲಿಯೂ ಹಾಗೆಯೇ.

ಇನ್ನು ಮುಖ್ಯವಾದ ವಿಷಯ. ನನ್ನ ಹಕಾರವನ್ನು ನುಂಗಿದ ಫಿಲ್ಟರಿನ ಹೆಸರು ನಾಯ್ಸ್ ಗೇಟ್. ಹೆಸರಿನಂತೆ ಅದು ಒಂದು ಬಾಗಿಲು. ಧ್ವನಿಯ ಮಟ್ಟ ನಾವು ಗೊತ್ತುಮಾಡಿದ ಗೆರೆಯಿಂದ ಕೆಳಗಿದ್ದರೆ ಮುಚ್ಚಿರುತ್ತದೆ, ಮೇಲೇರಿದಾಗ ತೆರೆಯುತ್ತದೆ. ಮಾತಿನ ನಡುವಿನ ಮೌನದಲ್ಲಿ ಫ್ಯಾನಿನ ಸದ್ದು, ಹೊರಗಿನ ಮಳೆಯ ಸದ್ದು ಇವು ಕೇಳದಂತೆ ಮಾಡುವುದು ಇದರ ಉದ್ದೇಶ. ಆದರೆ ಹಕಾರ ಎಂದರೆ ಬಹುಮಟ್ಟಿಗೆ ಬರಿಯ ಉಸಿರು. ಶಿಕ್ಷಾಶಾಸ್ತ್ರದವರು ಅಕಾರಕ್ಕೂ ಹಕಾರಕ್ಕೂ ಕಂಠವೇ ಸ್ಥಾನವೆಂದರು. ಬಾಯೊಳಗೆ ಎಲ್ಲಿಯೂ ತಡೆಯಿಲ್ಲದ, ಬಲವಿಲ್ಲದ ವರ್ಣ ಅದು. ತೊಂಬತ್ತು ದಾಟಿದವರ ಬಾಯಲ್ಲಿ ಅದರ ಮಟ್ಟ ಫ್ಯಾನಿನ ಸದ್ದಿಗಿಂತ ಹೆಚ್ಚೇನೂ ಇರುವುದಿಲ್ಲ. ಬಾಗಿಲು ಹಕಾರಕ್ಕೆ ತೆರೆಯಲಿಲ್ಲ, ಹಿಂದೆ ಬಂದ ಏಕಾರಕ್ಕೆ ತೆರೆಯಿತು. ‘ಹೇಳಿ’ ಹೋಗಿ ‘ಏಳಿ’ ಆಯಿತು. ಸ್ವರದೋಷದಿಂದ ‘ಇಂದ್ರಶತ್ರು’ ಶಬ್ದದ ಅರ್ಥವೇ ತಿರುಗಿ ವೃತ್ರನಿಗೆ ಮುಳುವಾದ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನ ಕೈಯಿಂದಲೇ ಅಂಥದ್ದು ನಡೆಯುತ್ತದೆ ಎಂದು ಎಣಿಸಿರಲಿಲ್ಲ.

ತುಣುಕಿನ ಮೊದಲಿಗೆ ಹಾಕುವ ‘ಫೇಡ್ ಇನ್’ ಕೂಡ ಇದೇ ಹಾನಿ ಮಾಡುತ್ತದೆ. ಧ್ವನಿ ಶೂನ್ಯದಿಂದ ನಿಧಾನವಾಗಿ ಏರುವಾಗ ಮೊದಲ ವ್ಯಂಜನ ಕರಗಿಹೋಗುತ್ತದೆ. ಆದ್ದರಿಂದ ಮಾತು ಶುರುವಾಗುವುದಕ್ಕಿಂತ ಅರ್ಧ ಸೆಕೆಂಡು ಹಿಂದೆಯೇ ಕತ್ತರಿಸಬೇಕು. ಆ ಮೌನದೊಳಗೆ ಫೇಡ್ ಮುಗಿಯಲಿ.

ಹಾಗಾದರೆ ಸದ್ದನ್ನು ಕಡಿಮೆ ಮಾಡಲೇಬಾರದೋ? ಮಾಡಬಹುದು, ಮಿತಿಯಲ್ಲಿ. ವಿದ್ಯುತ್ತಿನ ಗುಂಯ್‌ಗುಡುವ ಸದ್ದು ನಮ್ಮ ದೇಶದಲ್ಲಿ 50 ಹರ್ಟ್ಸ್. ಗಂಡಸರ ಮಾತಿನ ಮೂಲಕಂಪನ ಸಾಮಾನ್ಯವಾಗಿ 100ರ ಆಸುಪಾಸು, ಹೆಂಗಸರದು 200ರ ಆಸುಪಾಸು. ಆದ್ದರಿಂದ ‘ಹೈ ಪಾಸ್’ ಫಿಲ್ಟರನ್ನು 70ರ ಸುಮಾರಿಗೆ ಇಟ್ಟರೆ ಕೆಳಗಿನ ಗುಂಯ್‌ಕಾರ ತಗ್ಗುತ್ತದೆ, ಮಾತಿಗೆ ಭಯವಿಲ್ಲ. ಆ ಸದ್ದಿನ ಮರಿಗಳು 100, 150ರಲ್ಲಿಯೂ ಇರುತ್ತವೆ. ಅವನ್ನು ಅಟ್ಟಲು ಹೋಗಬಾರದು. ಮೇಲಿನಿಂದ ಕತ್ತರಿಸುವ ‘ಲೋ ಪಾಸ್’ ಅಂತೂ ಬೇಡವೇ ಬೇಡ. ಸಕಾರದ ಬಲವೆಲ್ಲ 4000 ಹರ್ಟ್ಸಿನಿಂದ ಮೇಲೆಯೇ ಇರುವುದು. ಹಳೆಯ ಟೆಲಿಫೋನಿನಲ್ಲಿ 300ರಿಂದ 3400ರ ತನಕ ಮಾತ್ರ ಹಾಯುತ್ತಿತ್ತು, ಅದಕ್ಕೇ ಹೆಸರು ಹೇಳುವಾಗ ಸಕಾರವೋ ಫಕಾರವೋ ಎಂದು ತಡವರಿಸುತ್ತಿದ್ದೆವು. ಸ, ಶ, ಷಗಳ ಭೇದವನ್ನು ಪರೀಕ್ಷಿಸಬೇಕಾದ ಊರಿನ ಮುದ್ರಣಕ್ಕೆ ಇದನ್ನು ಹಾಕಿದರೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ನೀಲಗಿರಿಯ ಬಡಗರ ಮಾತು ಇನ್ನೂ ಸೂಕ್ಷ್ಮ. ಅದು ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಇಲ್ಲಿ ಬೇಡ. ಅದರಲ್ಲಿ ನಾಲಗೆಯ ತುದಿ ಮೇಲಕ್ಕೆ ಮಡಚಿ ಉಚ್ಚರಿಸುವ ಮೂರ್ಧನ್ಯ ಸ್ವರಗಳಿವೆ ಎಂದು ಎಮೆನೋ ಅವರು 1939ರಲ್ಲಿಯೇ ತೋರಿಸಿಕೊಟ್ಟರು. ಇಂಥ ಸ್ವರವನ್ನು ಯಂತ್ರದಲ್ಲಿ ಗುರುತಿಸುವುದು ಮುಖ್ಯವಾಗಿ ಮೂರನೆಯ ಅನುರಣನದ ಪಟ್ಟಿ ಕೆಳಕ್ಕೆ ಇಳಿಯುವುದರಿಂದ. ಸದ್ದು ಕಳೆಯುವ ಯಂತ್ರಕ್ಕೆ ಯಾವುದು ಸದ್ದು, ಯಾವುದು ಅನುರಣನ ಎಂಬ ವಿವೇಕವಿಲ್ಲ. ಬಲವಾಗಿ ಹಾಕಿದರೆ ಆ ಕ್ಷೀಣವಾದ ಪಟ್ಟಿಯೂ ಮಸುಕಾಗುತ್ತದೆ.

ಧ್ವನಿಯನ್ನು ಏರಿಸುವುದರಲ್ಲಿಯೂ ಎರಡು ಬಗೆ. ಪಾಣಿನೀಯ ಶಿಕ್ಷೆಯಲ್ಲಿ ಆರು ಬಗೆಯ ಅಧಮ ಪಾಠಕರನ್ನು ಎಣಿಸುವಾಗ ಅಲ್ಪಕಂಠನನ್ನೂ ಸೇರಿಸಿದ್ದಾರೆ. ಆದರೆ ನಮಗೆ ಬೇಕಾದ ಹಳೆಯ ಮಾತು ಸಿಗುವುದು ಅಲ್ಪಕಂಠರ ಬಳಿಯಲ್ಲಿಯೇ, ಹಾಗಾಗಿ ಏರಿಸದೆ ವಿಧಿಯಿಲ್ಲ. ‘ಗೇನ್’ ಎಂಬುದು ಇಡೀ ತುಣುಕನ್ನು ಒಂದೇ ಪ್ರಮಾಣದಲ್ಲಿ ಏರಿಸುತ್ತದೆ, 6 ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಇಮ್ಮಡಿ. ಒತ್ತಿ ಹೇಳಿದ್ದು ಒತ್ತಿಯೇ, ತಗ್ಗಿಸಿ ಹೇಳಿದ್ದು ತಗ್ಗಿಯೇ ಉಳಿಯುತ್ತದೆ. ‘ನಾರ್ಮಲೈಸ್’ನಲ್ಲಿ ಒನ್ ಪಾಸ್, ಟೂ ಪಾಸ್ ಎಂದು ಎರಡಿವೆ. ಟೂ ಪಾಸ್ ಮೊದಲು ಇಡೀ ತುಣುಕನ್ನು ಕೇಳಿ ಅಳೆದು ಆಮೇಲೆ ಒಂದೇ ಪ್ರಮಾಣವನ್ನು ಹಾಕುತ್ತದೆ. ಒನ್ ಪಾಸ್ ಹಾಗಲ್ಲ, ಹೋಗುತ್ತಾ ಹೋಗುತ್ತಾ ಏರಿಸುತ್ತದೆ, ಇಳಿಸುತ್ತದೆ. ವಾಕ್ಯಾಂತ್ಯದಲ್ಲಿ ಇಳಿಯಬೇಕಾದ ಧ್ವನಿಯನ್ನು ಎತ್ತಿಹಿಡಿಯುತ್ತದೆ. ಊರೂರಿನ ರಾಗವನ್ನು, ಒತ್ತನ್ನು ಅಭ್ಯಾಸ ಮಾಡುವವರಿಗೆ ಅದು ವಿಷ. ಏನೇ ಏರಿಸಿದರೂ ಅಳತೆಪಟ್ಟಿಯ ಶೂನ್ಯವನ್ನು ಮುಟ್ಟಬಾರದು. ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ, ಹೊರತೆಗೆದ ಕಡತದಲ್ಲಿ ಅದನ್ನು ಮರಳಿ ಕೂಡಿಸಲು ಬರುವುದಿಲ್ಲ. ಮೇಲಿನ ತುದಿ ಮೈನಸ್ 6ರ ಹತ್ತಿರ ನಿಂತರೆ ಸಾಕು. ಕಾಲವನ್ನು ಹಿಗ್ಗಿಸುವ, ಕುಗ್ಗಿಸುವ ಫಿಲ್ಟರುಗಳ ತಂಟೆಗೇ ಹೋಗಬೇಡಿ. ಹ್ರಸ್ವದೀರ್ಘಗಳ ಮಾತ್ರೆಯನ್ನು ಅಳೆಯಬೇಕಾದ ಜಾಗ ಅದು.

ಕಡತದ ರೂಪದ ಮಾತು. ಸಭೆಯಲ್ಲಿ ತೋರಿಸಲು ಎಂಪಿ4 ಕಡತ ಸಾಕು, ದೃಶ್ಯಕ್ಕೆ ಎಚ್.264, ಧ್ವನಿಗೆ ಎಎಸಿ. ಎಎಸಿ ಕಿವಿಗೆ ಮುಖ್ಯವಲ್ಲವೆಂದು ತಾನು ಎಣಿಸಿದ ಅಂಶಗಳನ್ನು ಬಿಟ್ಟು ಕಡತವನ್ನು ಸಣ್ಣದು ಮಾಡುತ್ತದೆ, ಆದ್ದರಿಂದ ಧ್ವನಿಯ ಬಿಟ್‌ರೇಟನ್ನು 256 ಕಿಲೋಬಿಟ್ಟಿಗಿಂತ ಕೆಳಗೆ ಇಳಿಸಬಾರದು. ವಿಶ್ಲೇಷಣೆಗೆ ಮಾತ್ರ ಪ್ರತ್ಯೇಕವಾಗಿ ವೇವ್ ಕಡತ ತೆಗೆಯಬೇಕು. ಎಕ್ಸ್‌ಪೋರ್ಟ್ ಫಲಕದ ಆಡಿಯೋ ಮಾದರಿಗಳಲ್ಲಿ ಅದು ಸಿಗುತ್ತದೆ. ಸೆಕೆಂಡಿಗೆ 48,000 ಮಾದರಿ, 16 ಬಿಟ್, ಒಂದೇ ವಾಹಿನಿ ಎಂದಾದರೆ ಒಂದು ಗಂಟೆಯ ಮಾತಿಗೆ ಸುಮಾರು 346 ಮೆಗಾಬೈಟ್. ಇವತ್ತಿನ ಲೆಕ್ಕದಲ್ಲಿ ಅದೇನೂ ಭಾರವಲ್ಲ. ಸ್ವರಗಳನ್ನು ಅಳೆಯುವ ಪ್ರಾಟ್, ದೃಶ್ಯದ ಅಡಿಯಲ್ಲಿ ಲಿಪ್ಯಂತರ ಕೂಡಿಸುವ ಈಲಾನ್ ಎರಡಕ್ಕೂ ವೇವ್ ಹೊಂದುತ್ತದೆ. ಹಾಗೆ ತೆಗೆದ ತುಣುಕನ್ನು ವಾಟ್ಸಾಪಿನಲ್ಲಿ ವೀಡಿಯೋ ಎಂದು ಕಳಿಸಿದರೆ ಅದು ಮತ್ತೊಮ್ಮೆ ಹಿಂಡಿ ಸಣ್ಣದು ಮಾಡುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ.

ಹೊರತೆಗೆದ ಮೇಲೆ ತಂತ್ರಾಂಶವನ್ನು ಮುಚ್ಚಿ, ಹೊಸ ಕಡತವನ್ನೇ ತೆರೆದು, ಕಿವಿಗೆ ಹೆಡ್‌ಫೋನ್ ಹಾಕಿ, ಮೂಲದ ಜೊತೆಗೆ ಇಟ್ಟು ಕೇಳಬೇಕು. ಎಲ್ಲವನ್ನೂ ಆಗದಿದ್ದರೂ ಹಕಾರ, ಮಹಾಪ್ರಾಣ, ಪದಾಂತ್ಯದ ಸಣ್ಣ ಸ್ವರಗಳು ಇರುವ ಹತ್ತು ಕಡೆಗಳನ್ನಾದರೂ. ಗೋಷ್ಠಿಗೆ ಹೋಗುವ ಮುಂಚೆ ನಾನು ಕೇಳಿದ್ದು ಕಂಪ್ಯೂಟರಿನ ಸಣ್ಣ ಸ್ಪೀಕರಿನಲ್ಲಿ, ಅದೂ ಸೊಗಸಾಗಿದೆ ಎಂದು ಹಿಗ್ಗುತ್ತಾ.

ಚಿಕ್ಕಮ್ಮ ಒಟ್ಟು ನಾಲ್ಕು ಕಥೆ ಹೇಳಿದ್ದರು. ತುಣುಕುಗಳು ಸಿದ್ಧವಾದವಲ್ಲ ಎಂದು, ಮೊಬೈಲಿನಲ್ಲಿ ಜಾಗವಿಲ್ಲವೆಂದು, ಮೂಲಗಳನ್ನು ನಾನೇ ಅಳಿಸಿದ್ದೆ. ಮುಂದಿನ ವರ್ಷ ಅವರು ತೀರಿಕೊಂಡರು. ಗೋಷ್ಠಿಯ ಮಾತು ತಿಳಿದು ಮೊಮ್ಮಗ ಹುಡುಕಿದಾಗ ಎರಡು ಕಥೆಗಳ ಮೂಲ ಅವನ ಹಳೆಯ ಮೆಮೊರಿ ಕಾರ್ಡಿನಲ್ಲಿ ಸಿಕ್ಕಿತು. ಫ್ಯಾನಿನ ಸದ್ದಿನೊಳಗೆ ‘ಹೇಳಿ’ ಎಂಬುದು ಹಕಾರ ಸಹಿತ ಸ್ಪಷ್ಟವಾಗಿ ಕೇಳುತ್ತದೆ. ಅದರ ಪ್ರತಿಯನ್ನು ಆ ವಿದ್ವಾಂಸರಿಗೆ ಕಳಿಸಿದೆ, ಅವರು ತಮ್ಮ ಟಿಪ್ಪಣಿಯನ್ನು ತಿದ್ದಿಕೊಂಡರು. ಇನ್ನೆರಡು ಕಥೆಗಳು ನಾನು ಚೊಕ್ಕಮಾಡಿದ ರೂಪದಲ್ಲಿ ಮಾತ್ರ ಉಳಿದಿವೆ. ಅವುಗಳ ಕಡತದ ಹೆಸರಿನಲ್ಲಿಯೇ, ಊರು ಮತ್ತು ತಾರೀಕಿನ ಮುಂದೆ, ‘ಗೇಟ್ ಹಾಕಿದೆ, ಹಕಾರಕ್ಕೆ ಆಧಾರವಲ್ಲ’ ಎಂದು ಬರೆದಿಟ್ಟಿದ್ದೇನೆ.