ಲೋಹಿತಾಶ್ವನೇಕೆ ಮಡಿಯಬೇಕಾಯಿತು?

ನಾಗರಹೊಳೆಯ ಕಾಡಿನಂಚಿನ ವೀರನಹೊಸಹಳ್ಳಿಗೆ ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನಕ್ಕೆಂದು ಹೋಗಿದ್ದೆನು. ರಾಘವಾಂಕನ ಹರಿಶ್ಚಂದ್ರಕಾವ್ಯ ನಡೆದಿತ್ತು. ಲೋಹಿತಾಶ್ವನನ್ನು ಹಾವು ಕಚ್ಚಿದ ಪ್ರಸಂಗ ಮುಗಿದ ರಾತ್ರಿ, ಮಗನನ್ನು ಕಳೆದುಕೊಂಡಿದ್ದ ತಾಯಿಯೊಬ್ಬರು ಬಳಿಗೆ ಬಂದು, “ಬುದ್ಧೀ, ಆ ಮಗೀನ ಸಾಯಿಸ್ದೆ ಕತೆ ನಡೀತಿರ್ಲಿಲ್ವಾ?” ಎಂದು ಕೇಳಿದರು. ಮಠದಲ್ಲಿದ್ದು ಕಾವ್ಯಶಾಸ್ತ್ರ ಓದಿದ ನನಗೆ ಆ ಕ್ಷಣ ಉತ್ತರ ತೋಚಲಿಲ್ಲ. “ಮುಂದೆ ಬದುಕುತ್ತಾನೆ ತಾಯಿ” ಎಂದೆನು. “ನನ್ ಮಗ ಏಳ್ನಿಲ್ಲ” ಎಂದು ಹೊರಟುಹೋದರು.

ಆ ರಾತ್ರಿ ನಿದ್ರೆ ಬರಲಿಲ್ಲ. ಹರಿಹರನ ಸೋದರಳಿಯನಾದ ರಾಘವಾಂಕನು ಕೇವಲ ಕಣ್ಣೀರಿಗಾಗಿ ಕೂಸನ್ನು ಬಲಿಗೊಟ್ಟನೇ? ಕಾಶಿಯಲ್ಲಿ ಚಂದ್ರಮತಿ ಬ್ರಾಹ್ಮಣನ ಮನೆಯ ದಾಸಿ. ಹರಿಶ್ಚಂದ್ರನೋ ವೀರಬಾಹುಕನ ಆಳಾಗಿ ಸುಡುಗಾಡು ಕಾಯುವವನು. ಒಂದೇ ಊರಿನಲ್ಲಿದ್ದೂ ಇಬ್ಬರೂ ಸಂಧಿಸುವ ದಾರಿಯಿಲ್ಲ. ದಾಸಿಯಾದವಳು ಇರುಳಿನಲ್ಲಿ ಮಸಣಕ್ಕೆ ಬರಬೇಕಾದರೆ ಹೊತ್ತು ತರಲು ಒಂದು ಹೆಣವಿರಬೇಕು. ಅದು ಕಾವಲುಗಾರನ ಮಗನದೇ ಆಗಿರಬೇಕು. ರಾಜ್ಯವನ್ನು ಕೊಟ್ಟವನು, ತನ್ನನ್ನೇ ಮಾರಿಕೊಂಡವನು, ಇಲ್ಲಿ ಮಡದಿಯ ಗುರುತು ಸಿಕ್ಕಿದ ಮೇಲೂ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಬಿಡುವುದಿಲ್ಲ. ಬಾಲಕನ ಮರಣವಲ್ಲದೆ ಬೇರಾವ ಉಪಾಯದಿಂದಲೂ ಕವಿ ಅವನ ಸತ್ಯವನ್ನು ಈ ಅಂಚಿಗೆ ತಂದು ನಿಲ್ಲಿಸಲಾಗುತ್ತಿರಲಿಲ್ಲ.

ಅದೇ ಕವಿ ಚಂದ್ರಮತಿಯನ್ನು ಕೊಲ್ಲುವುದಿಲ್ಲವೆಂಬುದನ್ನೂ ಗಮನಿಸಬೇಕು. ಕಾಶಿಯ ಅರಸನ ಮಗನನ್ನು ಕೊಂದಳೆಂಬ ಆರೋಪ ಹೊತ್ತವಳ ಮೇಲೆ ಗಂಡನೇ ಕತ್ತಿಯೆತ್ತುತ್ತಾನೆ, ವಿಶ್ವನಾಥನು ಪ್ರತ್ಯಕ್ಷನಾಗುತ್ತಾನೆ. ಎತ್ತಿದ ಕತ್ತಿಯೇ ಎಲ್ಲವನ್ನೂ ಹೇಳಿತು. ತಲೆ ಉರುಳಿದ್ದರೆ ನಮಗೆ ಹೊಸದಾಗಿ ತಿಳಿಯುವುದೇನೂ ಇರಲಿಲ್ಲ.

ಇಂದಿನ ದೂರದರ್ಶನ ಧಾರಾವಾಹಿಗಳಲ್ಲಿ ನಟನೊಬ್ಬ ಬಿಟ್ಟುಹೋದರೆ ಅಪಘಾತವೊಂದು ಸಿದ್ಧವಾಗುತ್ತದೆ. ಗೋಡೆಯ ಮೇಲಿನ ಚಿತ್ರಕ್ಕೆ ಹಾರ ಬೀಳುತ್ತದೆ, ಹದಿನೈದು ದಿನಗಳಲ್ಲಿ ಮನೆಯವರೇ ಮರೆಯುತ್ತಾರೆ. (ಹಾರ ಮಾತ್ರ ಬಾಡುವುದೇ ಇಲ್ಲ!)

ಮತ್ತೆ ಏಳದ ಸಾವು ಕಥೆಗೆ ಸಲ್ಲುವುದಾದರೂ ಹೇಗೆಂದು ಕೇಳುವವರು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಓದಬೇಕು. 1970ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಪ್ಲೇಗು ನಂಜಮ್ಮನ ಮಕ್ಕಳಿಬ್ಬರನ್ನು ಒಯ್ಯುತ್ತದೆ, ಕಡೆಗೆ ಆಕೆಯನ್ನೂ ಒಯ್ಯುತ್ತದೆ. ಬಾಲ್ಯದಲ್ಲಿ ಪ್ಲೇಗಿನಿಂದ ತಮ್ಮವರನ್ನೇ ಕಳೆದುಕೊಂಡಿದ್ದ ಲೇಖಕರು ಇಲ್ಲಿ ಯಾವ ದೇವರನ್ನೂ ಇಳಿಸಿ ತರಲಿಲ್ಲ. ಆ ಸಂಸಾರದ ಭಾರವೆಲ್ಲ ಯಾರ ಹೆಗಲ ಮೇಲಿತ್ತೆಂಬುದು ಆಕೆ ಇಲ್ಲವಾದ ಮೇಲೆ ಪುಟಪುಟದಲ್ಲಿ ಕಾಣುತ್ತದೆ. ಉಳಿದ ಬಾಲಕ ವಿಶ್ವನ ಕೈಹಿಡಿದು ಊರಿನಿಂದ ಕರೆದೊಯ್ಯುವವರು ಜಂಗಮರಾದ ಮಹಾದೇವಯ್ಯನವರು. ನಂಜಮ್ಮನ ಸಾವಿಲ್ಲದೆ ಆ ಕೈಯ ಬೆಲೆ ನಮಗೆ ತಿಳಿಯುತ್ತಿತ್ತೇ?

ಮರುದಿನ ಸಂಜೆ ಆ ತಾಯಿ ಬರಲಾರರೆಂದುಕೊಂಡಿದ್ದೆನು. ಬಂದು ಕಂಬದ ಮಗ್ಗುಲಲ್ಲಿ ಕುಳಿತರು. ವಿಶ್ವನಾಥನ ಸಾಕ್ಷಾತ್ಕಾರವನ್ನು ನಾಳೆಗೆ ಉಳಿಸಿಕೊಂಡು, ಚಂದ್ರಮತಿ ಮಗನನ್ನು ಹೊತ್ತು ಕತ್ತಲಲ್ಲಿ ನಡೆದ ಹಾದಿಯನ್ನು ಅಂದು ಪೂರ್ತಿ ಹೇಳಿದೆನು. ಮುಗಿಯುವವರೆಗೂ ಅವರು ಏಳಲಿಲ್ಲ.