ಬದುವಿನ ಮೇಲಿನ ತಂಗಡಿ

ಕಡಲೆಕಾಯಿ ಪರಿಷೆಗೆಂದು ಬೆಂಗಳೂರಿನ ಬಸವನಗುಡಿಗೆ ಮೂಟೆ ತರುವ ರೈತ ಬಾಂಧವರಿಗೆ ತಂಗಡಿ ಗಿಡವನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಒಣಭೂಮಿಯ ಬದು, ಗೋಮಾಳ, ರಸ್ತೆಯಂಚುಗಳಲ್ಲಿ ಆಳೆತ್ತರಕ್ಕೆ ಪೊದೆಯಾಗಿ ಬೆಳೆದು ಹಳದಿ ಹೂ ಬಿಡುವ ಗಿಡವಿದು. ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳೂ ಇದಕ್ಕುಂಟು. ಸಸ್ಯಶಾಸ್ತ್ರದಲ್ಲಿ ಸೆನ್ನಾ ಆರಿಕ್ಯುಲೇಟಾ. ಎಲೆಯ ಬುಡದಲ್ಲಿ ಕಿವಿಯಾಕಾರದ ಅಗಲವಾದ ಪುಟ್ಟ ಎಲೆಗಳಿರುತ್ತವೆ. ಗುರುತಿಗೆ ಇದೊಂದೇ ಸಾಕು. ಕಾಯಿ ಚಪ್ಪಟೆ, ತೆಳು.

ಕಡಲೆಕಾಯಿಯೂ ತಂಗಡಿಯೂ ಅವರೆಯ ಕುಟುಂಬಕ್ಕೇ ಸೇರಿದವು. ಆದ್ದರಿಂದ ತಂಗಡಿಯೂ ಗಾಳಿಯ ಸಾರಜನಕವನ್ನು ಹಿಡಿದು ಭೂಮಿಗೆ ಕೊಡುತ್ತದೆಂದು ಹಲವರು ನಂಬಿದ್ದಾರೆ. ಒಂದು ಕಡಲೆಕಾಯಿ ಗಿಡ ಕಿತ್ತು ನೋಡಿ, ಬೇರಿನ ತುಂಬ ಗಂಟುಗಳು. ತಂಗಡಿಯ ಬೇರಿನಲ್ಲಿ ಅವು ಸಿಗುವುದಿಲ್ಲ. ಹಾಗೆಂದು ಅದರ ಸೊಪ್ಪು ನಿಷ್ಪ್ರಯೋಜಕವಲ್ಲ. ಬೆಳೆಯಿಲ್ಲದ ಜಾಗದಿಂದ ಬೇರುಗಳು ಹೀರಿದ ಪೋಷಕಾಂಶಗಳನ್ನು ಸೊಪ್ಪಿನ ಮೂಲಕ ಗದ್ದೆಗೆ ಸಾಗಿಸಿದಂತಾಗುತ್ತದೆ. ಸಾವಯವ ಅಂಶವೂ ಸೇರುತ್ತದೆ. ಇದು ಸಾಗಣೆಯೇ ಹೊರತು ಉತ್ಪತ್ತಿಯಲ್ಲ. ಆದ್ದರಿಂದ ತಂಗಡಿ ಸೊಪ್ಪು ಹಾಕಿದೆನೆಂದು ಮಣ್ಣು ಪರೀಕ್ಷೆ ಮಾಡಿಸದೆ ಯೂರಿಯಾವನ್ನು ಪೂರಾ ಬಿಡುವುದು ಸರಿಯಲ್ಲ.

ಭತ್ತದ ಗದ್ದೆಗೆ ಎಕರೆಗೆ 2ರಿಂದ 4 ಟನ್ ಹಸಿರೆಲೆ ಬೇಕು. ಬದುವಿನ ತಂಗಡಿಯೊಂದರಿಂದಲೇ ಅಷ್ಟು ಸಿಗದು. ಹೊಂಗೆ, ಗ್ಲಿರಿಸಿಡಿಯಾ ಸೊಪ್ಪನ್ನು ಜೊತೆಗೂಡಿಸಿ. ಎಳೆಯ ರೆಂಬೆಗಳನ್ನು ಮಾತ್ರ ಕೊಯ್ದು, ನಾಟಿಗೆ ಎರಡು ವಾರ ಮೊದಲು ತುಳಿಸಬೇಕು. ಬಲಿತ ಕಡ್ಡಿ ಬೇಗ ಕೊಳೆಯುವುದಿಲ್ಲ. ಗಿಡವನ್ನು ಬೋಳು ಮಾಡದೆ ಮೊಣಕಾಲೆತ್ತರ ಬಿಟ್ಟು ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ತೊಗಟೆ ಸುಲಿದರೆ ಮಾತ್ರ ಗಿಡ ಉಳಿಯದು. ದಕ್ಷಿಣ ಭಾರತದ ಚರ್ಮ ಹದ ಮಾಡುವ ಕೆಲಸಕ್ಕೆ ಹಿಂದೆ ಈ ತೊಗಟೆಯೇ ಮುಖ್ಯವಾಗಿತ್ತು. ಆಮೇಲೆ ಆಫ್ರಿಕಾದಿಂದ ಬಂದ ವಾಟಲ್ ತೊಗಟೆ ಅದರ ಸ್ಥಾನ ಹಿಡಿಯಿತು.

ಬದು ಸ್ವಚ್ಛ ಮಾಡುವ ನೆಪದಲ್ಲಿ ಈಗ ಜೆಸಿಬಿ ಯಂತ್ರದಿಂದ ತಂಗಡಿಯನ್ನು ಬೇರುಸಹಿತ ಎತ್ತಿಸುತ್ತಿದ್ದಾರೆ. ಬದುವಿನ ಮಣ್ಣು ಮೊದಲ ದೊಡ್ಡ ಮಳೆಗೇ ಜರಿಯುತ್ತದೆ. ದನ ಸಾಮಾನ್ಯವಾಗಿ ಬಾಯಿ ಹಾಕದ ಗಿಡ ಇದಾದ್ದರಿಂದ ಕಾವಲಿಲ್ಲದೆ ಬೆಳೆಯುವ ಬೇಲಿಯೂ ಹೋದಂತೆ. ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ತಂಗಡಿ ಹೂವಿನಲ್ಲಿ ಮಕರಂದವಿಲ್ಲ, ಪರಾಗವೇ ಆಹಾರ. ಅದು ಕೇಸರದ ತುದಿಯ ಸಣ್ಣ ರಂಧ್ರದಿಂದ ಉದುರಬೇಕಾದರೆ ದೊಡ್ಡ ಕರಿದುಂಬಿಗಳು ಹೂವನ್ನು ಹಿಡಿದು ಗುಂಯ್ ಎಂದು ನಡುಗಿಸಬೇಕು. ಬದನೆ ಹೂವಿಗೂ ಇಂಥ ದುಂಬಿಗಳೇ ಬೇಕು. ಬದನೆ ತೋಟವಿರುವವರು ನಾಲ್ಕು ಪೊದೆಯನ್ನಾದರೂ ಉಳಿಸಿಕೊಳ್ಳುವುದು ಲೇಸು.

ಹೊಸದಾಗಿ ಬೆಳೆಸುವುದಾದರೆ ಒಣಗಿದ ಕಾಯಿಯಿಂದ ಬೀಜ ಬಿಡಿಸಿ, ಸಿಪ್ಪೆ ಗಡುಸಾದ್ದರಿಂದ ಬಿಸಿನೀರಿನಲ್ಲಿ ಹಾಕಿ ಒಂದು ರಾತ್ರಿ ನೆನೆಯಲು ಬಿಟ್ಟು, ಮುಂಗಾರಿನಲ್ಲಿ ಬದುವಿನ ಮೇಲೆ ಅಡಿಗೊಂದರಂತೆ ನೇರವಾಗಿ ಊರಿ. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಕಿತ್ತು ನೆಡುವುದು ಬೇಡ. ಹಳದಿ ಹೂವಿನ ಆಸೆಗೆ ಅಮೆರಿಕ ಮೂಲದ ಸೆನ್ನಾ ಸ್ಪೆಕ್ಟಾಬಿಲಿಸ್ ಮರವನ್ನು ಮಾತ್ರ ತರಬೇಡಿ. ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿ ಅದು ಕಳೆಯಾಗಿ ಹರಡಿದೆ.